ಎರಡು ಸಾವಿರ ವೋಲ್ಟಿನ ಕಾವಲು

ನಮ್ಮ ಮನೆಯಲ್ಲಿ ನನ್ನ ಜೊತೆ ಹತ್ತು ನಿಮಿಷ ಕೂರುವವರು ಯಾರೂ ಇಲ್ಲ. ಇರುವುದೇ ನಾವಿಬ್ಬರು. ನಾನು ನಿವೃತ್ತನಾಗಿ ಇಡೀ ದಿನ ಬಿಡುವಾದ ಹೊತ್ತಿಗೇ ನನ್ನ ಸಹಧರ್ಮಿಣಿಗೆ ಇಡೀ ದಿನ ಸಾಲದೆ ಬಂತು. ಬೆಳಿಗ್ಗೆ ಹೊಲಿಗೆ ತರಗತಿ, ಮಧ್ಯಾಹ್ನ ಅದಕ್ಕೆ ಬಟ್ಟೆ ಕತ್ತರಿಸುವುದು, ಸಂಜೆ ಗೆಳತಿಯರೊಡನೆ ವಾಕಿಂಗ್. ನಡುವೆ ಕಸ ಗುಡಿಸುವಾಗ ನನ್ನನ್ನು ಕಂಡರೆ "ಕಾಲು ಎತ್ತಿ" ಅನ್ನುತ್ತಾಳೆ. ಆ ಎರಡು ಪದ ಕೇಳುವುದಕ್ಕೆಂದೇ ನಾನು ಪೊರಕೆಯ ದಾರಿಗೆ ಅಡ್ಡ ಕೂತದ್ದುಂಟು.

ಹೀಗಿರುವಾಗ ನನ್ನ ಹಳೆಯ ಆಸಿಲೋಸ್ಕೋಪ್ ಕೆಟ್ಟಿತು. (ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಯಂತ್ರ, ವಯಸ್ಸಿನಲ್ಲಿ ನನ್ನ ತಮ್ಮ, ಎತ್ತುವಾಗ ಮಾತ್ರ ಅಣ್ಣ.) ಸ್ವಿಚ್ ಹಾಕಿದ ಐದು ನಿಮಿಷ ಗೆರೆ ನೆಟ್ಟಗಿರುತ್ತದೆ, ಆಮೇಲೆ ಊದಿಕೊಂಡು, ಮಂಕಾಗಿ, ಮಾಯ. ಪರದೆಗೆ ಎರಡು ಸಾವಿರ ವೋಲ್ಟ್ ಒದಗಿಸುವ ಭಾಗ ಬಿಸಿಯಾದಂತೆ ಸುಸ್ತಾಗುತ್ತಿದೆ ಎಂದು ಕೂಡಲೇ ತಿಳಿಯಿತು. ಜೊತೆಗೆ, ನಾನು ಮೂವತ್ತು ವರ್ಷ ದುಡಿದ ಪ್ರಯೋಗಾಲಯದ ನಿಯಮವೂ ನೆನಪಾಯಿತು: ಅಷ್ಟು ವೋಲ್ಟಿನ ಪೆಟ್ಟಿಗೆಯನ್ನು ಒಬ್ಬನೇ ತೆರೆಯಕೂಡದು, ಸ್ವಿಚ್ಚಿನ ಪಕ್ಕ ಇನ್ನೊಬ್ಬರು ಕೂತಿರಲೇಬೇಕು.

ನಿಯಮವನ್ನು ಅವಳಿಗೆ ಹೇಳಿದೆ. "ನಾನ್ಯಾಕೆ ಕೂರ್ಬೇಕು?" ಎಂದಳು.

"ನಾನು ಅಂಟ್ಕೊಂಡ್ರೆ ಸ್ವಿಚ್ ಆರಿಸೋಕೆ. ದಿನಾ ಸಂಜೆ ಒಂದು ಗಂಟೆ, ಅಷ್ಟೇ."

"ಈಗ್ಲೇ ಅಂಟ್ಕೊಂಡಿದೀರಲ್ಲ ಅದಕ್ಕೆ!" ಎನ್ನುತ್ತಲೇ ವಾಕಿಂಗ್ ಬಿಟ್ಟು ಬಂದು ಸ್ಟೂಲಿನ ಮೇಲೆ ಕೂತಳು. ನನಗೆಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎರಡು ಸಲ ಬಿತ್ತು.

ಮಾರನೆಯ ಸಂಜೆಗೇ ದೋಷ ಸಿಕ್ಕಿಬಿಟ್ಟಿತು. ವಿದ್ಯುತ್ತನ್ನು ಹಿಡಿದಿಡಬೇಕಾದದ್ದು ಬಿಸಿಯಾದರೆ ಸೋರಿಬಿಡುವ, ಬೆರಳುದ್ದದ ಒಂದು ಕೆಪಾಸಿಟರ್. ಮೂರನೆಯ ಸಂಜೆ ಹೊಸದು ಹಾಕಿದೆ. ಒಂದು ಗಂಟೆಯಾದರೂ ಗೆರೆ ಅಲುಗಾಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ನಾನು ಸ್ಟೂಲಿನ ಕಡೆ ನೋಡಿದೆ. ರಿಪೇರಿ ಮುಗಿದರೆ ಸ್ಟೂಲು ಖಾಲಿ.

"ಸರಿಹೋಯ್ತಾ?" ಎಂದಳು. ಪರದೆ ಇದ್ದದ್ದು ನನ್ನ ಕಡೆಗೆ.

"ಎಲ್ಲಿ ಸರಿಹೋಯ್ತು? ತುಂಬಾ ಜಟಿಲ ಕಣೇ ಇದು."

ಹೀಗೆ ಹನ್ನೊಂದು ಸಂಜೆ ಕಳೆದವು. ಇಲ್ಲದ ದೋಷವನ್ನು ಹುಡುಕುವುದು ಇರುವ ದೋಷ ಹುಡುಕುವುದಕ್ಕಿಂತ ಕಷ್ಟ. ಹುಬ್ಬು ಗಂಟಿಕ್ಕಬೇಕು, ಒಂದು ಕೈ ಜೇಬಿನಲ್ಲಿಡಬೇಕು (ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆ ಹಾಯ್ದು ಹರಿಯದಿರಲೆಂದು, ಅದೂ ನಿಯಮವೇ), ಆಗಾಗ ನಿಟ್ಟುಸಿರು ಬಿಡಬೇಕು. ಅವಳು "ಇವತ್ತು ಏನಾಯ್ತು ಗೊತ್ತಾ..." ಎಂದು ಶುರುಮಾಡಿದರೆ "ಶ್! ಎರಡು ಸಾವಿರ ವೋಲ್ಟ್!" ಎಂದು ಗದರಬೇಕು, ಹರಟೆಗೆ ಕೂತರೆ ನಾಟಕ ಬಯಲಾಗುವುದಲ್ಲ! ಐದನೆಯ ಸಂಜೆಯಿಂದ ಅವಳು ಶುರುಮಾಡುವುದನ್ನೇ ಬಿಟ್ಟಳು. ಮೂರಡಿ ದೂರದಲ್ಲಿ ಅವಳು ಕೂತಿದ್ದರೂ ನನಗೆ ಮೊದಲಿಗಿಂತ ಹೆಚ್ಚು ಒಂಟಿ ಅನ್ನಿಸತೊಡಗಿತು. ಕಾರಣವೇನೆಂದು ತಿಳಿಯಲಿಲ್ಲ. (ದೋಷ ಪತ್ತೆಯಲ್ಲಿ ನನಗೆ ಮೂವತ್ತು ವರ್ಷದ ಅನುಭವ.)

ನಿನ್ನೆ ಸಂಜೆ ಅವಳೇ ಬಾಯಿಬಿಟ್ಟಳು.

"ಅದು ಸರಿಹೋಗಿ ಹನ್ನೊಂದು ದಿನ ಆಯ್ತಲ್ವಾ?"

"ಯಾ... ಯಾರು ಹೇಳಿದ್ರು?"

"ನಿಮ್ಮ ಕನ್ನಡಕ. ಎರಡು ಗಾಜಲ್ಲೂ ಹಸಿರು ಗೆರೆ ಕಾಣುತ್ತೆ, ದಿನಾ ನೆಟ್ಟಗೆ."

"ಮತ್ತೆ ನೀನ್ಯಾಕೆ ಬಂದು ಕೂರ್ತಿದ್ದೆ?"

"ನಿಮಗೆ ನನ್ನ ಹತ್ರ ಏನೋ ಹೇಳ್ಬೇಕು, ಹೇಗೆ ಶುರುಮಾಡೋದು ಗೊತ್ತಾಗ್ತಿಲ್ಲ ಅಂದ್ಕೊಂಡೆ. ಅದಕ್ಕೇ ಕಾದೆ." ಕೈಕಟ್ಟಿ, ನನ್ನತ್ತ ತಿರುಗಿ ಕೂತಳು. "ಈಗ ಹೇಳಿ. ಕೇಳ್ತೀನಿ."

ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಹೇಳದೆ ಉಳಿದದ್ದೆಲ್ಲ ನಾಲಿಗೆಯ ತುದಿಗೆ ಬಂತು. ನೀನಿಲ್ಲದೆ ಹೊತ್ತೇ ಹೋಗಲ್ಲ ಕಣೇ, ಎನ್ನಬೇಕು. ಅಷ್ಟೇ. ಬಾಯಿ ತೆರೆದೆ.

"ಆ ಕೆಪಾಸಿಟರ್ ಇದೆ ನೋಡು," ಎಂದೆ, "ತಣ್ಣಗಿದ್ದಾಗ ಅಳೆದ್ರೆ ಸರಿಯಾಗೇ ತೋರಿಸುತ್ತೆ, ಮಜಾ ಏನಪ್ಪಾ ಅಂದ್ರೆ..."

ಅವಳು ಎರಡು ನಿಮಿಷ ಕೇಳಿದಳು. ಆಮೇಲೆ ಎದ್ದು, ಒಪ್ಪಿಸಿದ ಕೆಲಸವನ್ನು ಚಾಚೂತಪ್ಪದೆ ಮಾಡಿದಳು: ಸ್ವಿಚ್ ಆರಿಸಿ, ಚಪ್ಪಲಿ ಮೆಟ್ಟಿಕೊಂಡು, ವಾಕಿಂಗ್‌ಗೆ ಹೋದಳು.