ಕಾರವಾರಕ್ಕೆ ಹೊರಟ ಜೋಳ

ತನ್ನ ಮನೆಯಲ್ಲಿ ಏನೇನಿದೆ ಎಂಬುದು ಮನುಷ್ಯನಿಗೆ ಆ ಮನೆ ಬಿಡುವವರೆಗೆ ತಿಳಿಯುವುದಿಲ್ಲ. ತಿಳಿಯದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವನು. ಯಾವ ದೇಶದಲ್ಲಿ ಏನು ಬೆಳೆಯುತ್ತದೆ, ಅದು ಯಾವ ಬಂದರಿನಿಂದ ಎಲ್ಲಿಗೆ ಸಾಗುತ್ತದೆ ಎಂಬುದನ್ನು ನಕಾಶೆಯ ಮೇಲೆ ಕೋಲಿಟ್ಟು ತೋರಿಸುತ್ತಿದ್ದೆ. ನನ್ನದೇ ಮನೆಯಲ್ಲಿ ಯಾವ ಪದಾರ್ಥ ಎಲ್ಲಿಂದ ಎಲ್ಲಿಗೆ ಸಾಗುತ್ತಿದೆ ಎಂಬುದು ಮಾತ್ರ ನನ್ನ ಗಮನಕ್ಕೆ ಬರುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುವುದು ಮೇಲು. ನಾನು ಹುಟ್ಟಾ ಅಂಜುಬುರುಕ. ಖಾಕಿ ಬಟ್ಟೆ ಕಂಡರೆ ಸಾಕು, ಬಂದವನು ಟಪಾಲಿನವನಾದರೂ ಸರಿ, ಎದ್ದು ನಿಲ್ಲುತ್ತೇನೆ. ಅವನು ಕಾಗದ ಕೊಟ್ಟು ಹೋದಮೇಲೆ, ಸುಮ್ಮನೆ ಎದ್ದೆನಲ್ಲ ಎಂದು ನಾಚಿ, ಬಾಗಿಲು ಸರಿಪಡಿಸುವವನಂತೆ ಅದನ್ನು ಒಂದೆರಡು ಸಲ ಅಲ್ಲಾಡಿಸಿ ಒಳಗೆ ಬರುತ್ತೇನೆ.

ಇಂಥ ನನಗೆ ಯುದ್ಧದ ದಿನಗಳಲ್ಲಿ ಒಂದು ಬೇಸಗೆ ಕಾರವಾರಕ್ಕೆ ವರ್ಗವಾಯಿತು. ಕಾರವಾರದ ಬಂದರನ್ನು ನಾನು ವರ್ಷವರ್ಷವೂ ಹುಡುಗರಿಗೆ ಕಲಿಸಿದ್ದೆ, ಕಣ್ಣಿಂದ ಕಂಡಿರಲಿಲ್ಲ. ಸಮುದ್ರದ ಮಾತು ಬಿಡಿ, ನಾನು ಅದುವರೆಗೆ ಕಂಡಿದ್ದ ದೊಡ್ಡ ನೀರೆಂದರೆ ನಮ್ಮೂರ ಬಾವಿ ತಾಜಬಾವಡಿ. ಸುದ್ದಿ ಓಣಿಯಲ್ಲಿ ಹಬ್ಬಿತು. ಗೋಲಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಕೂಗುವ ಅವಶ್ಯಕತೆಯೇ ಇರಲಿಲ್ಲ. ಬಂದವರೆಲ್ಲ ಒಂದೊಂದು ಬುದ್ಧಿಮಾತು ಬಿಟ್ಟು ಹೋದರು. ಅಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲವೆಂದು ಒಬ್ಬರು, ಉಪ್ಪು ಇಟ್ಟಲ್ಲೇ ಕರಗಿ ನೀರಾಗುತ್ತದೆಂದು ಇನ್ನೊಬ್ಬರು ಹೆದರಿಸಿದರು. ಮೂಲೆಮನೆಯ ಮುದುಕರು ಮಾತ್ರ ಏನೂ ಹೇಳದೆ, ತಮ್ಮ ಹಳೆಯ ಕೊಡೆಯನ್ನು ನನ್ನ ಕೈಗಿಟ್ಟು, ತೀರಿಹೋದವರ ಮನೆಗೆ ಬಂದವರಂತೆ ಸ್ವಲ್ಪ ಹೊತ್ತು ಕೂತು ಎದ್ದು ಹೋದರು.

ನನ್ನ ಅವ್ವ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳು ಕೇಳಿದ್ದು ಒಂದೇ.

"ಅಲ್ಲಿ ಜೋಳ ಬೆಳೀತಾರೇನೋ?"

"ಇಲ್ಲಬೇ. ಅಲ್ಲಿ ಎಲ್ಲಾ ಅಕ್ಕಿ."

"ಮುಂಜಾನೆ ಏನ ಉಣ್ತಾರ?"

"ಗಂಜಿ."

"ಮಧ್ಯಾಹ್ನ?"

"ಅನ್ನ."

"ಸಂಜಿಕೆ?"

"ಅನ್ನನ ಬೇ."

"ಅಂದ್ರ ಊರಿಗೂರೇ ಜಡ್ಡಾಗಿ ಮಲಗೇತಿ" ಎಂದಳು ಅವ್ವ. ನಮ್ಮ ಕಡೆ ಅನ್ನವೆಂದರೆ ಹಬ್ಬಕ್ಕೊಂದು ತುತ್ತು, ಇಲ್ಲವೆ ಜ್ವರ ಬಂದವರಿಗೆ ಮೆತ್ತಗೆ ಬೇಯಿಸಿದ ಪಥ್ಯ. ದಿನಕ್ಕೆ ಮೂರು ಸಲ ಪಥ್ಯ ಮಾಡುವ ಊರಿನಲ್ಲಿ ಮಗ ನೌಕರಿ ಮಾಡಬೇಕಾಯಿತಲ್ಲ ಎಂದು ಅವಳ ಮುಖ ಸಣ್ಣಗಾಯಿತು. ಕೊನೆಗೆ, "ಜೋಳ ಇಲ್ಲದ ಊರಿಗೆ ನಾ ಬರಾಂಗಿಲ್ಲ" ಎಂದುಬಿಟ್ಟಳು. ನನ್ನ ಹೆಂಡತಿ ಗಂಗವ್ವ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದವಳು, "ಅತ್ತಿ ಬರದಿದ್ರ ನಾನರ ಹೆಂಗ ಬರ್ಲಿ" ಎಂದಳು. ಅವರಿಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದನ್ನು ನಾನು ಆವರೆಗೆ ಕಂಡಿರಲಿಲ್ಲವಾದ್ದರಿಂದ ಅದು ತಾತ್ಕಾಲಿಕವೆಂದುಕೊಂಡೆ. ಹಾಗೆಯೇ ಆಯಿತು.

ಯಾಕೆಂದರೆ ಅವ್ವನ ತವರು ತಿಕೋಟಾ, ಗಂಗವ್ವನ ತವರು ಬಬಲೇಶ್ವರ. ಜೋಳ ಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತ. ಯಾವ ಊರಿನ ಜೋಳ ಎಂಬಲ್ಲಿಗೆ ಬಂದರೆ ಮದುವೆಯಾದಂದಿನಿಂದ ಇತ್ಯರ್ಥವಾಗದ ವ್ಯಾಜ್ಯ. ತಿಕೋಟಾದ ಜೋಳದ ರೊಟ್ಟಿ ಮೂರು ದಿನ ಇಟ್ಟರೂ ಮೆತ್ತಗಿರುತ್ತದೆ ಎಂದು ಅವ್ವ. ಬಬಲೇಶ್ವರದ ಎರೆಹೊಲದ ಜೋಳದ ರೊಟ್ಟಿ ಮೂರು ದಿನ ಉಳಿದದ್ದನ್ನು ಕಂಡವರೇ ಇಲ್ಲ, ಅಂದಂದೇ ಖಾಲಿಯಾಗುತ್ತದೆ ಎಂದು ಗಂಗವ್ವ. ನಾನು ಯಾರು ಬಡಿಸುತ್ತಿದ್ದರೆ ಅವರ ಊರಿನ ಪರವಾಗಿ ತಲೆಯಾಡಿಸುತ್ತಿದ್ದೆ.

ಈಗ ವ್ಯಾಜ್ಯಕ್ಕೆ ಸರಕಾರವೂ ಸೇರಿತ್ತು. ಯುದ್ಧದ ಕಂಟ್ರೋಲು ಬಂದು, ಕಾಳುಕಡಿ ಜಿಲ್ಲೆಯ ಗಡಿ ದಾಟಿಸಬಾರದೆಂದು ಕಾಯ್ದೆಯಾಗಿತ್ತು. ನಾನು ಇಬ್ಬರನ್ನೂ ಕೂರಿಸಿಕೊಂಡು, ಕಾಯ್ದೆಯೆಂದರೇನು, ಜಪ್ತಿಯೆಂದರೇನು, ಸರಕಾರಿ ನೌಕರನ ಮನೆಯಲ್ಲೇ ಹೀಗಾದರೆ ಏನಾಗುತ್ತದೆ ಎಂದು ಗಂಟಲು ಒಣಗುವವರೆಗೆ ವಿವರಿಸಿದೆ. ಇಬ್ಬರೂ ತಲೆ ತಗ್ಗಿಸಿ "ಹೂಂ" ಎಂದರು. ಕಾರವಾರಕ್ಕೆ ಬರಲಿಕ್ಕೂ ಒಪ್ಪಿಕೊಂಡರು. ಮೂವತ್ತು ಹುಡುಗರ ತರಗತಿಯಲ್ಲಿ ಎಲ್ಲರೂ ಒಮ್ಮೆಲೇ "ತಿಳೀತ್ರಿ ಸರ್" ಎಂದರೆ ಯಾರಿಗೂ ತಿಳಿದಿಲ್ಲವೆಂದು ನಾನು ಗುರುತಿಸಬಲ್ಲೆ. ಮನೆಯಲ್ಲಿ ಆ ಜಾಣತನ ಕೈಕೊಟ್ಟಿತು. ಊರು ಬಿಡುವ ಮುನ್ನ ಒಂದು ಸಲ ತವರು ನೋಡಿ ಬರುತ್ತೇನೆಂದು ಅವ್ವ ತಿಕೋಟಾಕ್ಕೆ ಹೋದಳು. ಅವಳು ಬಂದಮೇಲೆ ಗಂಗವ್ವ ಬಬಲೇಶ್ವರಕ್ಕೆ ಹೋದಳು. ಇಬ್ಬರೂ ಹೋಗುವಾಗ ಅಳುತ್ತ ಹೋದರು, ಬರುವಾಗ ಗೆಲುವಾಗಿ ಬಂದರು. ತವರಿನ ಮಹಿಮೆ ದೊಡ್ಡದೆಂದು ನಾನು ಮೆಚ್ಚಿಕೊಂಡೆ. ಆಮೇಲೆ ಅವ್ವ ಹಿತ್ತಲಲ್ಲಿ ಕೂತು ಹಳೆಯ ಗಾದಿ ಬಿಚ್ಚಿ ಹೊಲಿದಳು. ಗಂಗವ್ವ ಒಳಕೋಣೆಯಲ್ಲಿ ಕೂತು ಲೋಡಿನ ಗವಸಣಿಗೆ ಹೊಲಿಗೆ ಹಾಕಿದಳು. ದೂರದ ಪ್ರಯಾಣಕ್ಕೆ ಎಷ್ಟು ಮುತುವರ್ಜಿ ಎಂದು ಅದನ್ನೂ ಮೆಚ್ಚಿಕೊಂಡೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಚಕ್ಕಡಿಯ ಮಲ್ಲಪ್ಪ ಸಾಮಾನು ನೋಡಿಹೋಗಲು ಬಂದ. ಸ್ಟೇಶನ್ನಿಗೆ ಎಷ್ಟು ಖೇಪು ಹೊಡೆಯಬೇಕೆಂದು ಅಂದಾಜು ಮಾಡುತ್ತ, ಪಡಸಾಲೆಯಲ್ಲಿ ಸುತ್ತಿಟ್ಟಿದ್ದ ಗಾದಿಯನ್ನು ಒಂದು ಕೈಯಿಂದ ಎತ್ತಲು ಹೋದ. ಅದು ಮಿಸುಕಲಿಲ್ಲ. ರುಮಾಲು ಸರಿಮಾಡಿಕೊಂಡು ಎರಡೂ ಕೈ ಹಾಕಿದ.

"ಮಾಸ್ತರ, ಈ ಗಾದ್ಯಾಗ ಯಾರರ ಮಲಗ್ಯಾರೇನ್ರಿ?"

"ಯಾರೂ ಇಲ್ಲಪಾ."

"ಹಂಗಾರ ಇಷ್ಟ್ಯಾಕ ಒಜ್ಜಿ ಐತ್ರಿ?"

ಅವನು ಮತ್ತೊಮ್ಮೆ ಜಗ್ಗಿದಾಗ ಹೊಲಿಗೆ ಬಿಚ್ಚಿ, ಮುತ್ತಿನಂಥ ಬಿಳಿಜೋಳ ಸಣ್ಣಗೆ ಧಾರೆಗಟ್ಟಿ ನೆಲದ ಮೇಲೆ ಬಿತ್ತು. ಅವ್ವನ ಕಡೆ ನೋಡಿದೆ. ಅವಳು ಮಾಳಿಗೆಯ ಜಂತಿಗಳನ್ನು ಎಣಿಸುತ್ತಿದ್ದಳು. ಅಷ್ಟರಲ್ಲಿ ಗಂಗವ್ವ ಒಳಗಿನಿಂದ ಬಂದು ನೆಲ ನೋಡಿದಳು, ಗಾದಿ ನೋಡಿದಳು, ಮೆಲ್ಲಗೆ, "ಅತ್ತಿ, ನೀವೂನೂ?" ಎಂದಳು. ಆ ಒಂದು ಮಾತಿನಿಂದ ಲೋಡಿನ ಗುಟ್ಟೂ ಹೊರಬಿತ್ತು. "ಗಾದಿ ಹತ್ತಿ ಎಲ್ಲೈತಿ?" ಎಂದು ಕೇಳಿದೆ. ಮೂಲೆಮನೆಯ ಸೊಸೆಯ ಬಾಣಂತನಕ್ಕೆ ಕೊಟ್ಟೆನೆಂದು ಅವ್ವ ಹೇಳಿದಳು.

ಅವಳ ಮಾತು ಇನ್ನೂ ಮುಗಿದಿರಲಿಲ್ಲ, ಬಾಗಿಲಲ್ಲಿ "ಮಾಸ್ತರ ಅದಾರೇನ್ರಿ?" ಎಂಬ ದನಿ ಕೇಳಿತು. ಹಣಮಂತರಾಯರು. ನಮ್ಮ ಓಣಿಯವರೇ. ಕಾಳಿನ ಕಂಟ್ರೋಲು ನೋಡಿಕೊಳ್ಳುವ ಇನ್ಸ್‌ಪೆಕ್ಟರು. ಊರು ಬಿಡುವವನನ್ನು ಕಂಡುಹೋಗಲು ಬಂದಿದ್ದರು. ಮಲ್ಲಪ್ಪ ಬಿದ್ದ ಕಾಳಿನ ಮೇಲೆ ತನ್ನ ಕಂಬಳಿ ಹಾಸಿ ಅದರ ಮೇಲೆ ಕೂತುಬಿಟ್ಟ. ಖುರ್ಚಿಗಳನ್ನೆಲ್ಲ ಆಗಲೇ ಕಟ್ಟಿಟ್ಟಿದ್ದರಿಂದ ಹಣಮಂತರಾಯರು ನೆಟ್ಟಗೆ ಹೋಗಿ ಗಾದಿಯ ಮೇಲೆ ಕೂತು, ಗೋಡೆಗೆ ಒತ್ತಿ ಇಟ್ಟಿದ್ದ ಲೋಡಿಗೆ ಒರಗಿದರು. ಒಮ್ಮೆ ಆಚೆ ಸರಿದರು, ಒಮ್ಮೆ ಈಚೆ ಸರಿದರು. ಅವರು ಸರಿದಾಗಲೆಲ್ಲ ಕೆಳಗೆ ಸರಸರ ಸದ್ದಾಗುತ್ತಿತ್ತು.

"ಮಾಸ್ತರ, ಲೋಡು ಭಾಳ ಬಿರುಸೈತಲ್ಲ" ಎಂದರು.

ಧೈರ್ಯವಂತನೊಬ್ಬನಾಗಿದ್ದರೆ, ಹೊಸ ಹತ್ತಿ ರಾಯರೇ ಎನ್ನುತ್ತಿದ್ದ. ನಾನು ಎದ್ದು ನಿಂತು, ಕೈಜೋಡಿಸಿ, ಗಾದಿಯಲ್ಲಿರುವುದು ತಿಕೋಟಾದ ಜೋಳ, ಲೋಡಿನಲ್ಲಿರುವುದು ಬಬಲೇಶ್ವರದ ಜೋಳ, ನನ್ನ ಮೇಲೆ ಕಾಯ್ದೆಯ ಯಾವ ಕಲಮು ಹಾಕಿದರೂ ಒಪ್ಪುತ್ತೇನೆ, ಹೆಂಗಸರನ್ನು ಬಿಡಬೇಕು ಎಂದು ಒಂದೇ ಉಸಿರಿಗೆ ಒದರಿಬಿಟ್ಟೆ.

ಹಣಮಂತರಾಯರು ನನ್ನನ್ನೇ ನೋಡಿದರು. "ನಾ ಚಾ ಕುಡ್ಯಾಕ ಬಂದಿದ್ನಲ್ರೀ ಮಾಸ್ತರ" ಎಂದರು. ಆಮೇಲೆ ಬೇಸರದಿಂದ, "ವರ್ಗಾದವ್ರು ಮನಿ ಖರ್ಚಿಗಂತ ಒಂದು ಚೀಲ ಒಯ್ಯಾಕ ಪರವಾನಗಿ ಐತಿ. ಒಂದು ಮಾತು ಕೇಳಿದ್ರ ಅವತ್ತ ಚೀಟಿ ಬರಕೊಡ್ತಿದ್ದೆ. ಸಂಜಿಕೆ ಕಳಸ್ತೀನಿ" ಎಂದರು.

ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. "ಆದರ ಒಂದ ಚೀಲ ನೋಡ್ರಿ" ಎಂದು ಅವರು ಸೇರಿಸಿದರು. "ಯಾವ ಊರಿಂದು ಅನ್ನೋದು ನೀವ ಠರಾಯಿಸ್ಕೋರಿ." ಇಷ್ಟು ಹೇಳಿ, ಬಾಗಿಲ ಆಚೀಚೆ ನಿಂತಿದ್ದ ಅತ್ತೆ ಸೊಸೆಯರ ಮುಖ ನೋಡಿ, ಬಿಸಿ ಚಹಾವನ್ನು ಬಸಿಗೆ ಸುರಿದು ಆರಿಸಿಕೊಳ್ಳದೆ ಕುಡಿದು ಹೊರಟೇಹೋದರು.

ಸರಕಾರದ ಕಾಯ್ದೆ ಎಷ್ಟು ಸೌಮ್ಯವಾದದ್ದು ಎಂಬುದು ನನಗೆ ಆಗ ಅರಿವಾಯಿತು.

"ನಂದೇನೈತೋ ತಮ್ಮಾ, ಆಕಿದ ಒಯ್ಯಿ. ನಾ ಗಂಜಿ ಕುಡಕೊಂಡು ಇರ್ತೀನಿ" ಎಂದಳು ಅವ್ವ.

"ಅತ್ತಿಯವ್ರದ ಒಯ್ಯೂಣ್ರಿ. ಜೋಳ ಎಲ್ಲಿ ಅಂತ ನಮ್ಮಣ್ಣ ಕೇಳಿದ್ರ ನಾ ಏನರ ಒಂದು ಸುಳ್ಳ ಹೇಳ್ತೀನಿ" ಎಂದಳು ಗಂಗವ್ವ.

ಮದುವೆಯಾದ ಯಾವ ಗಂಡಸಿಗೂ ಈ ಎರಡು ವಾಕ್ಯಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಇಬ್ಬರೂ ಓಣಿಯವರಿಗೆ ಹೋಗಿಬರುತ್ತೇವೆಂದು ಹೇಳಲು ಹೋದಾಗ ನಾನು ಮಲ್ಲಪ್ಪನನ್ನು ಕರೆದು, ಅಂಗಳದಲ್ಲಿ ಜಮಖಾನೆ ಹಾಸಿ, ಗಾದಿಯದರ್ಧ ಲೋಡಿನದರ್ಧ ಸುರುವಿ, ಕೂಡಿಸಿ, ಚೀಲ ತುಂಬಿ ಬಾಯಿ ಹೊಲಿಸಿದೆ. ಉಳಿದದ್ದನ್ನು ಅವನಿಗೇ ಇರಲೆಂದು ಅವನ ಚಕ್ಕಡಿಗೆ ಹಾಕಿದೆ. "ಮನ್ಯಾಗ ಬೈತಾರ್ರಿ" ಎಂದ ಅವನು. "ನಿಮ್ಮ ಮನ್ಯಾಗೇನು?" ಎಂದು ಕೇಳಿದೆ. "ನಿಮ್ಮ ಮನ್ಯಾಗ್ರಿ" ಎಂದ. ಅವ್ವ ಬಂದವಳು ಜಮಖಾನೆಯ ಮಡಿಕೆಯಲ್ಲಿ ಉಳಿದಿದ್ದ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರವಿಕೊಂಡು, ಬೆರಳಿನಿಂದ ಒಂದೊಂದೇ ಕಾಳು ಸರಿಸಿ ಎರಡು ಗುಂಪು ಮಾಡಿದಳು. ಗಂಗವ್ವ ಬಗ್ಗಿ ನೋಡಿ ಅದರಲ್ಲಿ ಎರಡು ಕಾಳನ್ನು ಆ ಗುಂಪಿನಿಂದ ಈ ಗುಂಪಿಗೆ ಹಾಕಿದಳು. ಗದಗ ದಾಟಿ ಹುಬ್ಬಳ್ಳಿ ಬರುವವರೆಗೂ ರೈಲಿನಲ್ಲಿ ನನ್ನ ಜೊತೆ ಮಾತಾಡಿದ್ದು ಟಿಕೆಟು ನೋಡಲು ಬಂದವನೊಬ್ಬನೇ. ಅವನು ಖಾಕಿ ತೊಡದಿದ್ದರೂ ಎದ್ದು ನಿಂತೆ.

ಕಾರವಾರದಲ್ಲಿ ಮೊದಲ ದಿನ ಗಂಗವ್ವ ರೊಟ್ಟಿ ತಟ್ಟಿದಳು. ಅಂಚೆಲ್ಲ ಬಿರಿದು, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡಾಯಿತು. "ತಿಕೋಟಾದ ಜೋಳಕ್ಕ ಜಿಗಿನ ಇಲ್ಲ" ಎಂದಳು ಹಂಚಿಗೆ ಹೇಳುವವಳಂತೆ. "ಬಬಲೇಶ್ವರದ್ದು ಕೂಡೇತಲ್ಲ, ಅದಕ್ಕ" ಎಂದಳು ಅವ್ವ ಗೋಡೆಗೆ. ನಾನು ಬಹಳ ಯೋಚಿಸಿ ನಡುವೆ ಬಾಯಿ ಹಾಕಿದೆ. ತಪ್ಪು ಎರಡೂ ಜೋಳದ್ದಲ್ಲ, ಇಲ್ಲಿಯ ನೀರಿನದು ಎಂದೆ.

ಇಬ್ಬರೂ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರು. "ಖರೆ ನೋಡವ್ವಾ" ಎಂದಳು ಅವ್ವ, "ನೀರಂದ್ರ ನಮ್ಮ ಭೂತನಾಳ ಕೆರಿ ನೀರು." "ಹೌದ್ರಿ ಅತ್ತಿ, ಅದರ ರುಚಿನ ಬ್ಯಾರೆ" ಎಂದಳು ಗಂಗವ್ವ. ನನಗೆ ಎದೆ ಉಬ್ಬಿತು. ಇಷ್ಟು ವರ್ಷಗಳ ವ್ಯಾಜ್ಯವನ್ನು ಒಂದು ಮಾತಿನಲ್ಲಿ ಮುಗಿಸಿದೆನೆಂದು ತುಂಡು ರೊಟ್ಟಿಗೆ ಕೈ ಚಾಚಿದೆ. ಅವ್ವ ಬುಟ್ಟಿಯನ್ನು ತುಸು ಆಚೆ ಸರಿಸಿದಳು.

"ಇಂಥಾ ನೀರಿನ ಊರಿಗೆ ನಮ್ಮನ್ನ ಕರಕೊಂಡು ಬಂದಾವ ಯಾರು?"

ಇಬ್ಬರೂ ನನ್ನ ಕಡೆ ತಿರುಗಿ ಕೂತರು. ಅಂದಿನಿಂದ ಬಟ್ಟೆ ಒಣಗದಿದ್ದರೂ ಬೆಲ್ಲ ಜಿನುಗಿದರೂ ಇಬ್ಬರೂ ಕೂಡಿಯೇ ವಿಚಾರಣೆ ಮಾಡುತ್ತಾರೆ, ತೀರ್ಪು ಮಾತ್ರ ಯಾವಾಗಲೂ ಒಂದೇ. ನೆರೆಮನೆಯವರಿಗೆ ಇದೊಂದು ಆಶ್ಚರ್ಯ. ಅತ್ತೆ ಸೊಸೆಯರಲ್ಲಿ ಇಷ್ಟು ಹೊಂದಾಣಿಕೆ ನಾವೆಲ್ಲೂ ಕಂಡಿಲ್ಲ, ಇದು ಹೇಗೆ ಸಾಧ್ಯವಾಯಿತು ಮಾಸ್ತರೇ ಎಂದು ಕೇಳುತ್ತಾರೆ. ಸಮುದ್ರದ ಹವೆ ಎನ್ನುತ್ತೇನೆ.