ಹೊಸ ಕಣ್ಣಿಗೆ ಕಂಡ ಹೊಗೆ

ಕನ್ನಡಿಯಲ್ಲಿ ಹೊಗೆ ನೀಲಿಯಾಗಿ ಕಂಡದ್ದೇ ಅವತ್ತಿನ ಎಲ್ಲ ಅವಾಂತರಕ್ಕೂ ಮೂಲ.

ಬೀದಿ ಇನ್ನೂ ಅರೆನಿದ್ದೆಯಲ್ಲಿತ್ತು. ಲಾರಿಯಣ್ಣ ತನ್ನ ಹಳೆಯ ಲಾರಿಯ ಸೀಟಿನಲ್ಲಿ ಕೂತು, ಇಂಜಿನ್ ಬಿಸಿಯಾಗಲೆಂದು ಸ್ಟಾರ್ಟ್ ಮಾಡಿಟ್ಟು, ಪಕ್ಕದ ಕನ್ನಡಿ ನೋಡುತ್ತ ಮೈಮರೆತಿದ್ದ. ಹೊಗೆ ಮೆಲ್ಲಗೆ ಸುರುಳಿ ಬಿಚ್ಚಿಕೊಂಡು, ಕ್ಷೌರದಂಗಡಿಯ ಬೋರ್ಡನ್ನು ಸವರಿ, ಟೈಲರನ ಕಿಟಕಿಗೆ ಒಂದು ಗಳಿಗೆ ಒರಗಿ, ಅವಸರವೇ ಇಲ್ಲದಂತೆ ಮೇಲಕ್ಕೆ ಹೋಗುತ್ತಿತ್ತು. ಎಷ್ಟು ಚೆಂದ ಅಂದುಕೊಂಡ. ಮರುಕ್ಷಣವೇ ಎದೆ ಧಸಕ್ಕೆಂದಿತು. ಹೊಗೆ ನೀಲಿಯಾಗಿತ್ತು.

ಹೊಗೆ ಕಪ್ಪಾದರೆ ಹೆದರಬೇಕಾದ್ದಿಲ್ಲ. ಇಂಜಿನ್ನಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ, ಫಿಲ್ಟರ್ ಬಿಚ್ಚಿ ಕೊಡವಿದರೆ ಮುಗಿಯಿತು. ಬಿಳಿಯಾದರೆ ಎಲ್ಲೋ ನೀರು ಸೇರುತ್ತಿದೆ, ಅದಕ್ಕೂ ದಾರಿಯುಂಟು. ನೀಲಿಯಾದರೆ ಮಾತ್ರ ಇಂಜಿನ್ ತನ್ನ ಆಯಿಲನ್ನು ತಾನೇ ಕುಡಿಯುತ್ತಿದೆ. ಅಂಥ ಇಂಜಿನ್ನನ್ನು ಪೂರ್ತಿ ಬಿಚ್ಚಬೇಕು, ಬಿಚ್ಚಿದ ಮೇಲೆ ಈ ವಯಸ್ಸಿನ ಲಾರಿ ಮತ್ತೆ ಒಂದಾಗುವುದು ಅನುಮಾನ.

ಅದೂ ಇವತ್ತೇ! ಲಾರಿಯ ತಪಾಸಣೆಗೆ ಇವತ್ತು ಕೊನೆಯ ದಿನ. ಹೆಂಡತಿ ಹೋದ ವಾರವೇ ಖಡಾಖಂಡಿತವಾಗಿ ಹೇಳಿದ್ದಳು. "ಪಾಸಾದ್ರೆ ಇಟ್ಕೊಳ್ಳಿ, ನಾನು ಚಕಾರ ಎತ್ತಲ್ಲ. ಫೇಲಾದ್ರೆ ಗುಜರಿಯವನಿಗೆ ಫೋನ್ ಮಾಡೋಳು ನಾನೇ." ಲಾರಿಯಣ್ಣ ಆಗಲಿ ಎಂದು ಮಾತು ಕೊಟ್ಟಿದ್ದ. ಮೂವತ್ತು ವರ್ಷ ಆ ಸ್ಟೇರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ಅವನು. ಗುಜರಿಯವನು ಅದನ್ನು ಕಿತ್ತು ರಾಶಿಗೆ ಎಸೆಯುವುದನ್ನು ನೆನೆದರೇ ಅವನು ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಲಾರಿಯಣ್ಣನ ಬಲಗಣ್ಣಿನ ಪೊರೆ ತೆಗೆಸಿ ಹದಿನೆಂಟು ದಿನವಾಗಿತ್ತು. ಎಡಗಣ್ಣಿನದು ಇನ್ನೂ ಬಾಕಿ. ಪಟ್ಟಿ ಬಿಚ್ಚಿದ ದಿನ ಡಾಕ್ಟರು, "ಇನ್ಮೇಲೆ ಈ ಕಣ್ಣಿಗೆ ಎಲ್ಲಾ ನಿಜವಾದ ಬಣ್ಣದಲ್ಲಿ ಕಾಣುತ್ತೆ ನೋಡಿ. ಒಂದು ತಿಂಗಳು ಗಾಡಿ ಮಾತ್ರ ಓಡಿಸಬೇಡಿ" ಎಂದಿದ್ದರು. ಅವನು ಮೊದಲನೆಯ ಮಾತನ್ನು ಎದೆಯಲ್ಲಿಟ್ಟುಕೊಂಡು ಎರಡನೆಯದನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದ. ಅಂದಿನಿಂದ ಅವನಿಗೆ ಲೋಕವೆಲ್ಲ ಆಗಷ್ಟೇ ತೊಳೆದಿಟ್ಟಂತೆ ಕಾಣುತ್ತಿತ್ತು. "ಈ ಗೋಡೆಗೆ ಯಾವಾಗ ನೀಲಿ ಹೊಡೆಸಿದೆ?" ಎಂದು ಹೆಂಡತಿಯನ್ನು ಕೇಳಿದ್ದ.

"ಅದು ಬಿಳಿ ಸುಣ್ಣ. ನಾನು ಈ ಮನೆಗೆ ಬಂದಾಗಿಂದ್ಲೂ ಬಿಳಿನೇ."

"ನಿನ್ನ ಕೂದಲಿಗೂ ಬೆಳದಿಂಗಳು ಬಿದ್ದ ಹಾಗಿದೆ ಕಣೇ."

ಅವಳು ಸೆರಗು ಸರಿಮಾಡಿಕೊಂಡು, "ಮದುವೆ ಆದ್ಮೇಲೆ ಇದೊಂದು ಒಳ್ಳೆ ಮಾತು ಆಡಿದ್ರಿ. ಅದಕ್ಕೂ ಆಪರೇಷನ್ನೇ ಆಗಬೇಕಾಯ್ತು" ಎಂದಿದ್ದಳು.

ಹಾಗಾಗಿ ಲಾರಿಯಣ್ಣನ ತೀರ್ಮಾನ ಇಷ್ಟೇ. ಗೋಡೆ ಮೊದಲಿಂದಲೂ ನೀಲಿ, ಹೊಗೆಯೂ ನೀಲಿ, ಬೇರೆಯವರಿಗೆ ಅದು ಕಾಣುವಷ್ಟು ಕಣ್ಣಿಲ್ಲ. ಆದರೂ ಜೀವ ಕೇಳಬೇಕಲ್ಲ. ಇನ್ನೊಬ್ಬರ ಬಾಯಲ್ಲಿ ಕಪ್ಪು ಎಂದೋ ಬಿಳಿ ಎಂದೋ ಕೇಳಿಬಿಟ್ಟರೆ ಸಮಾಧಾನ. ಹೊಗೆ ನೋಡಬೇಕಾದರೆ ಹಿಂದೆ ನಿಲ್ಲಬೇಕು, ಹೊಗೆ ಬರಬೇಕಾದರೆ ಮುಂದೆ ಕೂತು ಕಾಲು ಒತ್ತಬೇಕು. ಎರಡನ್ನೂ ಒಬ್ಬನೇ ಮಾಡಲಾಗದ್ದರಿಂದ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂಗಡಿ ತೆರೆಯುತ್ತಿದ್ದ ಕ್ಷೌರಿಕನನ್ನು ಕೂಗಿದ. ಮಾಡಿದ ತಪ್ಪು ಅದೇ.

"ಹೊಗೆ ಯಾವ ಬಣ್ಣ ಹೇಳಪ್ಪಾ!"

ಕ್ಷೌರಿಕ ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಸೈಲೆನ್ಸರಿಗೆ ಅಡ್ಡ ಹಿಡಿದ. ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆ ಮಸಿ. "ಕಪ್ಪು! ಅಪ್ಪಟ ಕಪ್ಪು! ಈ ಬಟ್ಟೆ ಯಾರು ಒಗೀತಾರೆ ಈಗ?"

ಕಪ್ಪೆಂದು ಕೇಳಿ ಲಾರಿಯಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಳಿದು ಏರ್ ಫಿಲ್ಟರ್ ಬಿಚ್ಚಿ ಟೈಲರಂಗಡಿಯ ಮೆಟ್ಟಿಲಿಗೆ ನಾಲ್ಕು ಸಲ ಬಡಿದ. ವರ್ಷದ ಧೂಳು ಎದ್ದು, ಆಗಷ್ಟೇ ಹೊಲಿದು ನೇತುಹಾಕಿದ್ದ ಅಂಗಿಗಳ ಮೇಲೆ ಕೂತಿತು. ಟೈಲರ್ ಕೈಯಲ್ಲಿ ಕತ್ತರಿ ಹಿಡಿದೇ ಹೊರಗೆ ಬಂದ. ಜಗಳಕ್ಕೆ ಬಂದವನು ಹೊಗೆ ನೋಡಿ ಅಲ್ಲೇ ನಿಂತುಬಿಟ್ಟ.

"ಇದನ್ನ ಕಪ್ಪು ಅಂದೋನು ಯಾರು? ನಲವತ್ತು ವರ್ಷದಿಂದ ಬಟ್ಟೆಗೆ ದಾರ ಹೊಂದಿಸ್ತಿದ್ದೀನಿ ನಾನು. ಇದು ಬೂದಿ. ಬೂದಿಯಲ್ಲೂ ಪಾರಿವಾಳದ ರೆಕ್ಕೆಯ ಒಳಗಡೆ ಇರೋ ಬೂದಿ."

"ಅದಕ್ಕೆ ಏನು ಮಾಡಬೇಕು?"

"ಅದು ನನಗೆ ಗೊತ್ತಿಲ್ಲ. ಬಣ್ಣ ಹೇಳಿದೆ, ಅಷ್ಟೆ."

ಅಷ್ಟರಲ್ಲಿ ಎದುರುಮನೆಯ ರಿಟೈರಾದ ರಸಾಯನಶಾಸ್ತ್ರದ ಮೇಷ್ಟ್ರು ಕೊಡೆ ಊರಿಕೊಂಡು ಬಂದರು. ಕನ್ನಡಕ ಒರೆಸಿ, ಮೂಗು ಮುಂದೆ ಚಾಚಿ, "ಇದು ಬಿಳಿ. ಉಗಿ. ನೀರು ಒಳಗೆ ಸೇರ್ತಿದೆ. ರೇಡಿಯೇಟರ್ ತೆಗೆದು ನೋಡಿ" ಎಂದು ತೀರ್ಪು ಕೊಟ್ಟರು. ಇಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬಾರದೆಂದು ಲಾರಿಯಣ್ಣ ಹೇಳುವ ಮೊದಲೇ ಅವರು ಕೊಡೆಯ ಹಿಡಿಕೆಯಿಂದ ಅದನ್ನು ತಿರುವಿದ್ದರು. ಬಿಸಿನೀರು ಬುಸ್ಸೆಂದು ಮೇಲಕ್ಕೆ ಚಿಮ್ಮಿತು. ಪುಣ್ಯಕ್ಕೆ ಕೊಡೆಯೂ ಆ ಗಾಬರಿಯಲ್ಲಿ ಬಿಚ್ಚಿಕೊಂಡಿತು. ಮೇಷ್ಟ್ರು ಅದರ ಕೆಳಗೆ ನಿಂತು, "ನೋಡಿದ್ರಾ, ನೀರು!" ಎಂದರು.

ಗಲಾಟೆ ಕೇಳಿ ಹೆಂಡತಿ ಬಾಗಿಲಿಗೆ ಬಂದಳು. ಅವಳ ಹಿಂದೆಯೇ ಅವಳ ತಮ್ಮ. ಅವನು ಮೆಕ್ಯಾನಿಕ್ಕು. ಲಾರಿಯನ್ನು ಗುಜರಿಗೆ ಹಾಕಿ ಎಂದು ಐದು ವರ್ಷದಿಂದ ಹೇಳುತ್ತಿದ್ದವನು. ಅವನು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ, ಸೈಲೆನ್ಸರಿನೊಳಗೆ ಬೆರಳಾಡಿಸಿ ಮೂಸಿ ನೋಡಿದ.

"ಏನೂ ಆಗಿಲ್ಲ ಭಾವ. ಫಿಲ್ಟರ್ ಕೊಡವಿದ್ರಲ್ಲ, ಅಷ್ಟೇ ಸಾಕು. ಹೊಗೆ ತಿಳಿಯಾಗಿದೆ."

"ತಿಳಿ ಅಂದ್ರೆ ಯಾವ ಬಣ್ಣ?"

"ತಿಳಿ ಅಂದ್ರೆ ಬಣ್ಣ ಇಲ್ಲ."

ಇವನೂ ಕುರುಡ ಎಂದುಕೊಂಡ ಲಾರಿಯಣ್ಣ. ಇಂಜಿನ್ ಆರಿದ ಮೇಲೆ ಹೊಸ ನೀರು ತುಂಬಿಸಿ ಹೊರಟ. ಭಾವಮೈದ ತಾನೇ ಓಡಿಸುತ್ತೇನೆಂದು ಬಾಗಿಲು ಹಿಡಿದರೂ ಬಿಡದೆ, ಅವನನ್ನು ಕ್ಲೀನರ್ ಸೀಟಿಗೆ ಅಟ್ಟಿದ. ದಾರಿಯುದ್ದಕ್ಕೂ ಅವನ ಕಣ್ಣು ಕನ್ನಡಿಯಲ್ಲೇ ಇತ್ತು. ಹಿಂದೆ ಬಿಟ್ಟುಬಂದ ಮರ, ಕಂಬ, ಸೈಕಲ್ಲು, ಶಾಲೆಯ ಗೋಡೆ ಎಲ್ಲವೂ ತೆಳು ನೀಲಿಯಲ್ಲಿ ಅದ್ದಿಕೊಂಡು ದೂರವಾಗುತ್ತಿದ್ದವು. ಇದೇ ಕೊನೆಯ ಓಟವಿರಬೇಕು ಎನ್ನಿಸಿ ಕಣ್ಣು ತುಂಬಿತು. ತುಂಬಿದ ಕಣ್ಣಿಗೆ ಲೋಕ ಇನ್ನಷ್ಟು ಚೆಂದ ಕಂಡಿತು.

ತಪಾಸಣೆ ಕಚೇರಿಯ ಅಂಗಳದಲ್ಲಿ ಮಧ್ಯಾಹ್ನ ಕಳೆದು ಸರದಿ ಬಂದಾಗ ಇನ್‌ಸ್ಪೆಕ್ಟರ್ ಮೇಡಂ ಸೈಲೆನ್ಸರಿಗೆ ಮೆಷಿನ್ನಿನ ಕೊಳವೆ ಸಿಕ್ಕಿಸಿ, "ರೇಸ್ ಕೊಡಿ" ಎಂದರು. ಲಾರಿಯಣ್ಣ ಉಸಿರು ಬಿಗಿಹಿಡಿದು ಒತ್ತಿದ. ಮೆಷಿನ್ನು ಗೊಣಗಿ ಒಂದು ಚೀಟಿ ಹೊರಹಾಕಿತು. ಮೇಡಂ ಚೀಟಿ ಓದಿ, ಸೈಲೆನ್ಸರ್ ಕಡೆ ಒಮ್ಮೆ ನೋಡಿ, ಕಾಗದಕ್ಕೆ ಸಹಿ ಹಾಕಿ ಮೊಹರು ಒತ್ತಿದರು.

"ಗಾಡಿ ಚೆನ್ನಾಗಿ ಇಟ್ಟಿದ್ದೀರಿ. ಈ ವಯಸ್ಸಿನ ಲಾರಿಗೆ ಇಷ್ಟು ತೆಳ್ಳಗಿನ ಬಿಳಿ ಹೊಗೆ ಅಪರೂಪ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಬೆಳಗಿನಿಂದ ಆ ಒಂದು ಪ್ರಶ್ನೆಯನ್ನು ಹೊತ್ತು ತಿರುಗಿದ್ದ ಲಾರಿಯಣ್ಣನ ಬಾಯಿಂದ ಮಾತು ಜಾರಿತು. "ಬಿಳೀನಾ ಮೇಡಂ? ನಿಮಗೂ ಬಿಳೀನಾ?"

ಮೊಹರು ಎತ್ತಿಡುತ್ತಿದ್ದ ಅವರ ಕೈ ನಿಂತಿತು. "ಮತ್ತೆ ನಿಮಗೆ ಯಾವ ಬಣ್ಣ ಕಾಣುತ್ತೆ?"

"ನೀಲಿ."

ಭಾವಮೈದ ಹಿಂದಿನಿಂದ ಅಂಗಿ ಜಗ್ಗಿದ. ತಡವಾಗಿತ್ತು. ಮೇಡಂ ಮೇಜಿನಿಂದ ಒಂದು ಖಾಲಿ ಹಾಳೆ ಎತ್ತಿದರು. "ಇದು?"

"ತಿಳಿ ನೀಲಿ."

"ಬಲಗಣ್ಣು ಮುಚ್ಚಿ. ಈಗ?"

"ಈಗ... ಹಳೇ ಸುಣ್ಣದ ಬಣ್ಣ." ಲಾರಿಯಣ್ಣ ಒಂದು ಕಣ್ಣು ಮುಚ್ಚಿ ಇನ್ನೊಂದು ತೆಗೆದು, ಮತ್ತೆ ಅದನ್ನೇ ತಿರುವುಮುರುವು ಮಾಡಿದ. ಹಾಳೆ ನೀಲಿಯಾಯಿತು, ಹಳದಿಯಾಯಿತು, ನೀಲಿಯಾಯಿತು. ಅವನ ಬಾಯಿ ತಾನಾಗಿ ತೆರೆದುಕೊಂಡಿತು.

"ಪೊರೆ ತೆಗೆಸಿದ್ದೀರಿ ಅಲ್ವಾ? ನಮ್ಮಮ್ಮನಿಗೂ ಹೀಗೇ ಆಗಿತ್ತು. ಎರಡು ತಿಂಗಳು ಹಾಲನ್ನೂ ನೀಲಿ ಅಂತಿದ್ರು" ಎಂದು ಮೇಡಂ ನಕ್ಕರು. ಲಾರಿಯಣ್ಣನೂ ನಕ್ಕ. ಎದೆಯ ಮೇಲಿದ್ದ ಬಂಡೆ ಜಾರಿಹೋಗಿತ್ತು. ಲಾರಿಗೆ ಏನೂ ಆಗಿಲ್ಲ! ಬಣ್ಣವೆಲ್ಲ ಕಣ್ಣಿನದು! ಮೇಡಂ ನಗು ನಿಲ್ಲಿಸಿ ಕೇಳಿದರು, "ಆಪರೇಷನ್ ಆಗಿ ಎಷ್ಟು ದಿನ ಆಯ್ತು?"

"ಹದಿನೆಂಟು ದಿನ."

"ಇಲ್ಲಿ ತನಕ ಯಾರು ಓಡಿಸಿಕೊಂಡು ಬಂದ್ರು?"

ಲಾರಿಯಣ್ಣ ಆಕಾಶ ನೋಡಿದ. ಅದಂತೂ ಎಲ್ಲರಿಗೂ ನೀಲಿಯಾಗಿಯೇ ಇತ್ತು.

"ಗಾಡಿ ಪಾಸು. ನೀವು ಫೇಲು" ಎಂದು ಮೇಡಂ ಅವನ ಲೈಸೆನ್ಸನ್ನು ಮೇಜಿನ ಖಾನೆಗೆ ಹಾಕಿಕೊಂಡರು. "ಇನ್ನೊಂದು ಕಣ್ಣೂ ಆಗಲಿ. ಡಾಕ್ಟರ್ ಹತ್ರ ಬರೆಸಿಕೊಂಡು ಬಂದು ತಗೊಂಡು ಹೋಗಿ."

ಹೀಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ಲಾರಿಯಣ್ಣ ತನ್ನದೇ ಲಾರಿಯ ಕ್ಲೀನರ್ ಸೀಟಿನಲ್ಲಿ ಕೂತ. ಭಾವಮೈದ ಸ್ಟೇರಿಂಗ್ ಹಿಡಿದು ಸೀಟನ್ನು ತನಗೆ ಬೇಕಾದಂತೆ ಸರಿಸಿಕೊಂಡ. ಆ ಸದ್ದಿಗೆ ಲಾರಿಯಣ್ಣ ಮುಖ ಆಚೆ ತಿರುಗಿಸಿದ. ಆದರೂ ಪಾಸಾದ ಕಾಗದ ಜೇಬಿನಲ್ಲಿತ್ತು. ಲಾರಿ ಉಳಿಯಿತಲ್ಲ, ಅಷ್ಟು ಸಾಕು. ಸಂಜೆಯ ಗಾಳಿಗೆ ಮುಖವೊಡ್ಡಿ ಕಣ್ಣು ಅರೆಮುಚ್ಚಿದ.

ಊರಿಗೆ ಮುಂಚೆ ಒಂದು ಉದ್ದನೆಯ ಇಳಿಜಾರು. ಭಾವಮೈದ ಶಿಳ್ಳೆ ಹಾಕುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದು, ಲಾರಿಯನ್ನು ಗೇರಿನಲ್ಲೇ ಕೆಳಗೆ ಇಳಿಸಿ, ಬುಡದಲ್ಲಿ ಮತ್ತೆ ಒತ್ತಿದ. ಅಭ್ಯಾಸಬಲದಿಂದ ಕನ್ನಡಿ ನೋಡಿದ. ಮತ್ತೊಮ್ಮೆ ನೋಡಿದ. ಅವನ ಶಿಳ್ಳೆ ನಿಂತುಹೋಯಿತು.

"ಭಾವ..."

"ಏನೋ?"

"ನಿಂತಲ್ಲಿ ಇದು ಗೊತ್ತಾಗಲ್ಲ. ಇಳಿಜಾರು ಇಳಿದು ಒತ್ತಿದಾಗಲೇ ಗೊತ್ತಾಗೋದು." ಅವನ ದನಿ ಸಣ್ಣಗಾಗಿತ್ತು. "ನೀಲಿ ಭಾವ. ದಟ್ಟ ನೀಲಿ. ಆಯಿಲ್ ಕುಡೀತಿದೆ. ಇಂಜಿನ್ ಬಿಚ್ಚಲೇಬೇಕು. ಬೇಕಾದ್ರೆ ನೀವೇ ನೋಡಿ."

ಲಾರಿಯಣ್ಣ ತನ್ನ ಕಡೆಯ ಕನ್ನಡಿಗೆ ಬಾಗಿದ. ಹೊಗೆ ಲಾರಿಯ ಹಿಂದೆ ಹಾಸಿಕೊಂಡು, ರಸ್ತೆ, ಮರ, ಇಳಿಬಿಸಿಲು ಎಲ್ಲವನ್ನೂ ಮೆಲ್ಲಗೆ ಮುಚ್ಚುತ್ತಿತ್ತು. ಬಹಳ ಹೊತ್ತು ನೋಡಿದ. ಆಮೇಲೆ ಹೊಸ ಕಣ್ಣನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿಕೊಂಡು, ಹಳೆಯ ಕಣ್ಣಿನಿಂದ ಇನ್ನೊಮ್ಮೆ ನೋಡಿದ.

"ಬಿಳಿ ಕಣೋ" ಎಂದ. "ಸುಮ್ನೆ ಮುಂದೆ ನೋಡಿಕೊಂಡು ಓಡಿಸು."