ಅತ್ತೆಯ ಪಾತ್ರೆ

ನನ್ನ ಅತ್ತೆ, ಹೆಂಡತಿಯ ತಾಯಿ ಪೊಲಿಕ್ಸೇನಿ, ಒಳ್ಳೆಯ ಹೆಂಗಸು. ಅವರ ಮೇಲೆ ನನಗಿರುವ ದೂರು ಒಂದೇ: ಅನ್ನ ತುಂಬಿದ ಟೊಮೆಟೊ. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಅವರು ಲಾಮಿಯಾದಿಂದ ನಮ್ಮ ಅಥೆನ್ಸಿನ ಮನೆಗೆ ಬಂದಾಗಲೆಲ್ಲ ಓವನ್ನಿನಿಂದ ಅದೇ ಹೊರಬರುತ್ತದೆ. (ಬದಲಾವಣೆ ಇರಲಿ ಅಂತ ಒಮ್ಮೆ ವಿನಂತಿ ಮಾಡಿಕೊಂಡೆ. ಅದೇ ಅನ್ನವನ್ನು ದೊಣ್ಣೆಮೆಣಸಿನಕಾಯಿಗೆ ತುಂಬಿದರು.)

ಸೆಪ್ಟೆಂಬರಿನ ಒಂದು ಭಾನುವಾರ, ಎಪಿಡಾವ್ರೋಸಿನ ಪುರಾತನ ರಂಗಮಂದಿರ ನೋಡಿಬರೋಣ ಅಂತ ನಾನೇ ಎಲ್ಲರನ್ನೂ ಹೊರಡಿಸಿದೆ. ಹಳೆಯ ಕಲ್ಲುಗಳ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ. ಅಲ್ಲಿಂದ ಕೆಳಗಿಳಿದರೆ ಸಮುದ್ರದ ದಡದಲ್ಲೊಂದು ಹೋಟೆಲಿದೆ. ಕುರಿಮರಿಯ ಪಕ್ಕೆಲುಬನ್ನು ಕೆಂಡದಲ್ಲಿ ಸುಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. ನನ್ನ ತೀರ್ಥಯಾತ್ರೆಯ ಮೂಲದೇವರು ಅಲ್ಲಿದ್ದರು.

ಬೆಳಿಗ್ಗೆ ನೋಡಿದರೆ ಅತ್ತೆ ಒಂದು ಪಾತ್ರೆ ತುಂಬ ಟೊಮೆಟೊ ಬೇಯಿಸಿ, ಬಟ್ಟೆ ಕಟ್ಟಿ ಇಟ್ಟಿದ್ದಾರೆ.

"ಹೊರಗಿನ ಊಟ ಯಾಕೆ, ಸ್ತ್ರಾತಿ? ನೆರಳಲ್ಲಿ ಕೂತು ಇದನ್ನೇ ತಿನ್ನೋಣ. ತಗೊಂಡು ನಡಿ."

ಹೊತ್ತುಕೊಂಡು ಇಳಿದೆ. ಕಟ್ಟಡದ ಬಾಗಿಲ ಬಳಿ ಅಂಚೆಪೆಟ್ಟಿಗೆಗಳ ಮೇಲೆ ಒಂದು ನಿಮಿಷ ಅಂತ ಇಟ್ಟೆ. ಆ ನಿಮಿಷ ಮುಗಿಯಲೇ ಇಲ್ಲ.

ಕಾರು ಕೊರಿಂಥದ ಕಾಲುವೆ ದಾಟುವಾಗ ಅತ್ತೆ, "ಪಾತ್ರೆ ಹಿಂದುಗಡೆ ಇಟ್ಟೆ ತಾನೆ?" ಅಂದರು.

"ನಾನೆಲ್ಲಿ ಇಟ್ಟೆ? ನಾನೇ ತರ್ತೀನಿ ಅಂದ್ರಲ್ಲ ನೀವು."

"ಹಾಗಂದೆನಾ?" ಅಂದು ಕಿಟಕಿಯ ಕಡೆ ತಿರುಗಿಕೊಂಡರು. ಕಾಲುವೆ ಹಿಂದೆ ಸರಿದ ಮೇಲೆ, ಹಾಗೇ ಹೊರಗೆ ನೋಡುತ್ತ ಹೇಳಿದರು: "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಪಾತ್ರೆ ಪಡಗ ಮರೆತಳು. ಆಮೇಲೆ ನಮ್ಮ ಹೆಸರು."

ನನ್ನ ಹೆಂಡತಿ ಎವಾಂಥಿಯಾ ನನ್ನನ್ನೇ ನೋಡಿದಳು. ನಾನು ರಸ್ತೆ ನೋಡಿದೆ. ಅಷ್ಟು ಶ್ರದ್ಧೆಯಿಂದ ನಾನು ರಸ್ತೆ ನೋಡಿದ್ದು ಲೈಸೆನ್ಸ್ ಪರೀಕ್ಷೆಯ ದಿನ ಮಾತ್ರ.

ರಂಗಮಂದಿರ ತಲುಪಿದ ಮೇಲೆ ಅತ್ತೆ, "ಸ್ವಲ್ಪ ಒಬ್ಬಳೇ ಕೂತಿರ್ತೀನಿ" ಅಂತ ಐವತ್ತೈದು ಮೆಟ್ಟಿಲ ಸಾಲು ಹತ್ತಿ ತುದಿಯಲ್ಲಿ ಕೂತರು. ಕೆಳಗಿನಿಂದ ಸಾಸಿವೆ ಕಾಳಿನಷ್ಟೇ ಕಾಣುತ್ತಿದ್ದರು. ಎವಾಂಥಿಯಾ ನನ್ನ ತೋಳು ಹಿಡಿದು ವೇದಿಕೆಯ ನಟ್ಟನಡುವಿಗೆ ಎಳೆದು ತಂದಳು.

"ಇಲ್ಲಾದ್ರೆ ಅಮ್ಮನಿಗೆ ಕೇಳ್ಸಲ್ಲ. ಪಾತ್ರೆ ಎಲ್ಲಿ?" ಅಂತ ಪಿಸುಗುಟ್ಟಿದಳು.

"ಯಾವ ಪಾತ್ರೆ?"

"ಸ್ತ್ರಾತಿ."

(ಎರಡು ಸಾವಿರ ಚಿಲ್ಲರೆ ವರ್ಷಗಳಲ್ಲಿ ಅಲ್ಲಿ ಎಂತೆಂಥ ರಾಜರ ಪಾತ್ರ ಕಟ್ಟಿದ್ದಾರೋ. ಪಾತ್ರೆಯ ವಿಚಾರಣೆ ನಡೆದದ್ದು ಅದೇ ಮೊದಲಿರಬೇಕು.)

"ಅಂಚೆಪೆಟ್ಟಿಗೆ ಮೇಲಿದೆ. ಬೇಕಂತಲೇ ಬಿಟ್ಟೆ."

"ಅಮ್ಮ ತರ್ತೀನಿ ಅಂದಿದ್ದು?"

"ಅಂದಿರ್ಲಿಲ್ಲ. ಇನ್ನೊಂದು ಟೊಮೆಟೊ ತಿಂದ್ರೆ ನಾನೇ ಕೆಂಪಗಾಗಿಬಿಡ್ತೀನಿ ಕಣೆ."

ಅಲ್ಲಿ ನಡುವೆ ನಿಂತು ಪಿಸುಗುಟ್ಟಿದರೂ ತುತ್ತತುದಿಯ ಸಾಲಿಗೆ ಕೇಳುತ್ತದೆ ಅನ್ನುವುದು ನಮ್ಮ ದೇಶದ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಮಗಿಬ್ಬರಿಗೂ ಗೊತ್ತಿತ್ತು. ನೆನಪಾದದ್ದು ಮಾತ್ರ ತಲೆ ಎತ್ತಿ ನೋಡಿದಾಗ. ಮೇಲೆ ಪಿಂಚಣಿದಾರರ ಗುಂಪೊಂದು ಮುಂದಕ್ಕೆ ಬಗ್ಗಿ, ನನ್ನ ಮುಂದಿನ ಮಾತಿಗೆ ಕಾದು ಕೂತಿತ್ತು. ಅವರ ನಡುವಿನಿಂದ ಅತ್ತೆ ಎದ್ದರು.

ಅವರು ಇಳಿದು ಬರುವಷ್ಟರಲ್ಲಿ ನಾನು ನಾಲ್ಕು ಬಗೆಯ ಕ್ಷಮಾಪಣೆ ಸಿದ್ಧ ಮಾಡಿಕೊಂಡೆ. "ಅಮ್ಮಾ, ತಪ್ಪಾಯ್ತು" ಅನ್ನುವುದರೊಳಗೆ ಅವರು ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ಕಣ್ಣು ಒದ್ದೆಯಾಗಿತ್ತು.

"ಹಾಗಾದ್ರೆ ನನ್ನ ತಲೆ ನೆಟ್ಟಗಿದೆ," ಅಂದರು.

ನಾಲ್ಕು ಬಾರಿಸಿದ್ದರೆ ವಾಸಿಯಿತ್ತು.

ಹೋಟೆಲಿಗೆ ಅಂತ ತಾವೇ ಮುಂದಾಗಿ ಕಾರು ಹತ್ತಿದರು. ಜೀವದಾನ ಸಿಕ್ಕವರ ಹಸಿವು ಅದು. ತಮ್ಮ ತಟ್ಟೆಯ ಪಕ್ಕೆಲುಬು ಮುಗಿಸಿ, ನನ್ನ ತಟ್ಟೆಯನ್ನೂ ಹತ್ತಿರಕ್ಕೆ ಎಳೆದುಕೊಂಡರು. ನಾನು ತಡೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ತಡೆಯಲಿ?

"ಚಳಿಗಾಲ ನಮ್ಮನೇಲೇ ಇರು ಅಂತ ಎವಾಂಥಿಯಾ ಎಷ್ಟು ದಿನದಿಂದ ಕರೀತಿದ್ದಾಳೆ," ಅಂದರು ಬೆರಳು ಒರೆಸಿಕೊಳ್ಳುತ್ತಾ. "ಮರೆವಿನ ಕಾಯಿಲೆ ಕಟ್ಕೊಂಡು ಬಂದು ಇವರಿಗೆ ಭಾರ ಆಗೋದು ಬೇಡ ಅಂತ ಕಾರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ."

"ಈಗ?" ಅಂದಳು ಮಗಳು.

"ಈಗೇನು? ನವೆಂಬರಿಗೆ ಬರ್ತೀನಿ. ಈಸ್ಟರ್ ಮುಗಿಸ್ಕೊಂಡೇ ಹೋಗೋದು."

ಎವಾಂಥಿಯಾ ಆಗಲೇ ಚಿಕ್ಕ ಕೋಣೆಯಿಂದ ನನ್ನ ಮೀನು ಹಿಡಿಯುವ ಗಾಳಗಳನ್ನು ಎಲ್ಲಿಗೆ ಸಾಗಿಸುವುದು ಅಂತ ಲೆಕ್ಕ ಹಾಕುತ್ತಿದ್ದಳು.

ಇನ್ನೊಂದು ತಟ್ಟೆ ತರಲೇ ಅಂತ ಮಾಣಿ ಬಂದು ಕೇಳಿದ.

"ಬೇಡಪ್ಪ," ಅಂದರು ಅತ್ತೆ. "ನಮ್ಮ ಅಳಿಯನಿಗೆ ಹೊಟ್ಟೆ ತುಂಬಿದೆ."

ನಾನು ತಿಂದದ್ದು ಒಂದೇ ಒಂದು ಪಕ್ಕೆಲುಬು.